ಇ-ಖಾತಾ ಸೇವೆ: ಹಳೇ ಬಡಾವಣೆಗೆ ಸಲೀಸು, ಹೊರವಲಯಕ್ಕೆ ತಿಣುಕಾಟ

2024ರ ಅಕ್ಟೋಬರ್‌ನಿಂದ ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ ಸೈಟು, ಮನೆ, ಫ್ಲ್ಯಾಟು ಯಾವುದರ ನೋಂದಣಿಗೂ ಇ-ಖಾತಾ (ಆಸ್ತಿಯ ವಿವರ, ಮಾಲೀಕರ ಹೆಸರು ಇರುವ ಪಾಲಿಕೆಯ ಡಿಜಿಟಲ್ ದಾಖಲೆ) ಬೇಕೇ ಬೇಕು. ಹಾಗಾಗಿ ಊರೊಳಗೆ ಯಾರು ಎಲ್ಲಿಗೆ ಮನೆ ಬದಲಿಸಬಹುದು ಅನ್ನೋದೂ ಈಗ ಈ ಕಾಗದದ ಮೇಲೆ ನಿಂತಿದೆ. ಇದನ್ನು ಆನ್‌ಲೈನ್‌ನಲ್ಲಿ ಕೊಡುವ ಪಾಲಿಕೆಯ ಸೇವೆಗೆ ನನ್ನ ಲೆಕ್ಕದಲ್ಲಿ 5ಕ್ಕೆ 3 ಅಂಕ.

ಜಯನಗರ, ಮಲ್ಲೇಶ್ವರದಂಥ ಕಡೆ ಕೆಲಸ ಸರಾಗ. ವಾರ್ಡ್ ಆರಿಸಿ, ಮಾಲೀಕರ ಹೆಸರು ಅಥವಾ ತೆರಿಗೆ ಅರ್ಜಿ ಸಂಖ್ಯೆಯಿಂದ ಪಾಲಿಕೆ ಮೊದಲೇ ಹಾಕಿಟ್ಟ ಕರಡು ಖಾತಾ ಹುಡುಕಬೇಕು. ಆಧಾರ್ ಒಟಿಪಿ, ಕ್ರಯಪತ್ರದ ನೋಂದಣಿ ಸಂಖ್ಯೆ, ಇಸಿ (ಋಣಭಾರ ಪತ್ರ), ಬೆಸ್ಕಾಂ ಅಕೌಂಟ್ ಐಡಿ, ಮನೆಯ ಫೋಟೋ, ನಕ್ಷೆಯಲ್ಲಿ ಜಾಗದ ಗುರುತು ಇಷ್ಟಾದರೆ ಮುಗಿಯಿತು. ಅಂತಿಮ ಪ್ರತಿಗೆ 125 ರೂಪಾಯಿ. ಕಚೇರಿ ಮೆಟ್ಟಿಲು ಹತ್ತುವ ಪ್ರಮೇಯವೇ ಬರುವುದಿಲ್ಲ.

ಅರ್ಜಿ ಕೆಡುವುದು ಹೆಚ್ಚಾಗಿ ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಶಿಯಲ್, ಕ್ರಯಪತ್ರದಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ತಾಳೆಯಾಗದೆ ಕಡತ ಎಆರ್‌ಒ (ಸಹಾಯಕ ಕಂದಾಯ ಅಧಿಕಾರಿ) ಮೇಜಿಗೆ ಹೋಗುತ್ತದೆ. ಜಂಟಿ ಮಾಲೀಕರಿದ್ದರೆ ಎಲ್ಲರ ಒಟಿಪಿಯೂ ಬೇಕು. ಒಬ್ಬರು ತೀರಿಕೊಂಡಿದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. 2004ಕ್ಕಿಂತ ಹಿಂದಿನ ಪತ್ರಗಳಿಗೆ ಗಣಕೀಕೃತ ಇಸಿ ಸಿಗದ ಕಾರಣ ಸ್ಕ್ಯಾನ್ ಮಾಡಿ ಹಾಕಬೇಕು. ಚಕ್ಕುಬಂದಿಯನ್ನು (ಆಸ್ತಿಯ ನಾಲ್ಕು ದಿಕ್ಕಿನ ಗಡಿ) ಮಾತ್ರ ಪತ್ರದಲ್ಲಿದ್ದ ಹಾಗೇ ಅಕ್ಷರಕ್ಕಕ್ಷರ ಬರೆಯಿರಿ.

ಹೊರವಲಯದ ಕತೆಯೇ ಬೇರೆ. 2007ರಲ್ಲಿ 7 ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಹಳೇ ಪಾಲಿಕೆಗೆ ಸೇರಿಸಿ ಬಿಬಿಎಂಪಿ ಎಂಬ ದೊಡ್ಡ ಪಾಲಿಕೆ ಮಾಡಿದರು. ಗಡಿ ಒಂದೇ ಏಟಿಗೆ ಹಿಗ್ಗಿತು, ದಾಖಲೆ ಹಿಗ್ಗಲಿಲ್ಲ. ನಗರ ಜಿಲ್ಲೆಯ ಜನಸಂಖ್ಯೆ 2001ರ 65 ಲಕ್ಷದಿಂದ 2011ಕ್ಕೆ 96 ಲಕ್ಷ ಮುಟ್ಟಿತು. ನಡುವೂರಿನ ಬಾಡಿಗೆ ತಾಳಲಾರದವರು ಮಹದೇವಪುರ, ಬೊಮ್ಮನಹಳ್ಳಿ, ಕೆ.ಆರ್. ಪುರದ ರೆವಿನ್ಯೂ ಸೈಟುಗಳಿಗೆ (ಬಡಾವಣೆಯ ಅನುಮತಿ ಇಲ್ಲದೆ ಹೊಲ ಒಡೆದು ಮಾಡಿದ ಸೈಟು) ಹೋದರು. ಕೈಗೆ ಸಿಕ್ಕಿದ್ದು ಬಿ ಖಾತಾ, ಅಂದರೆ ಪೂರ್ತಿ ಸಕ್ರಮವಲ್ಲದ ಆಸ್ತಿಯ ಖಾತಾ. ಅದಕ್ಕೆ ಬ್ಯಾಂಕ್ ಸಾಲ ಸಿಗುವುದು ಕಷ್ಟ, ಆದ್ದರಿಂದ ಅಂಥ ಸೈಟಿಗೆ ಹೋಗುವವರು ಬ್ಯಾಂಕ್ ಸಾಲವಿಲ್ಲದೆ ಹೇಗೋ ನಗದು ಹೊಂದಿಸಿಕೊಂಡವರೇ. ಸಂಬಳದವರು ಸಾಲ ಸಿಗುವ ಫ್ಲ್ಯಾಟು ಹುಡುಕಿಕೊಂಡು ಇನ್ನೊಂದು ದಿಕ್ಕಿಗೆ.

ಬಿ ಖಾತಾವನ್ನು ಎ ಖಾತಾ (ಸಕ್ರಮ ಆಸ್ತಿಯ ಖಾತಾ) ಮಾಡಿಸುವ ಯೋಜನೆ 2025ರ ನವೆಂಬರ್‌ನಲ್ಲಿ ಶುರುವಾಯಿತು. ಮೊದಲ 100 ದಿನಕ್ಕೆ ಘೋಷಿಸಿದ ಶುಲ್ಕ ಮಾರ್ಗಸೂಚಿ ಮೌಲ್ಯದ (ಸರ್ಕಾರ ಗೊತ್ತುಮಾಡಿದ ಬೆಲೆ) ಶೇ 5 ಆಗಿತ್ತು. ಚದರಡಿಗೆ 5,000 ರೂಪಾಯಿ ದರವಿರುವ ಕಡೆ 20x30 ಸೈಟಿಗೆ ಆ ಲೆಕ್ಕದಲ್ಲಿ 1.5 ಲಕ್ಷ. ಮಾರುವ ಉದ್ದೇಶ ಇದ್ದರೆ ಲಾಭವೇ. ಅಲ್ಲೇ ವಾಸ ಇರುವ ಕೂಲಿ ಕುಟುಂಬಕ್ಕೆ ಭಾರ.

2025ರ ಸೆಪ್ಟೆಂಬರ್ 2ರಿಂದ ಒಂದು ಪಾಲಿಕೆ ಐದಾಗಿದೆ. ಹುಡುಕಾಟದಲ್ಲಿ ನಿಮ್ಮ ಆಸ್ತಿ ಕಾಣದಿದ್ದರೆ ತೆರಿಗೆ ರಸೀದಿಯಲ್ಲಿರುವ ಹಳೇ ವಾರ್ಡನ್ನೇ ಹಾಕಿ ನೋಡಿ. ಕೊಳ್ಳುವವರು ಮುಂಗಡ ಕೊಡುವ ಮುಂಚೆ ಮಾರುವವರಿಂದ ಅಂತಿಮ ಇ-ಖಾತಾ ಕೇಳಿ ಪಡೆಯಿರಿ. ಕರಡು ಪ್ರತಿ ತೋರಿಸಿದರೆ ನೋಂದಣಿ ಆಗುವುದಿಲ್ಲ.