ಹಬ್ಬದ ಸಾಮಾನಿಗೆ ದೇವರಾಜ ಮಾರುಕಟ್ಟೆ: ಗೋಕುಲಂನ ವಿದೇಶಿ ಬಾಡಿಗೆದಾರರಿಗೆ ಹೇಳಿಕೊಡಬೇಕಾದದ್ದು

ಯೋಗ ಕಲಿಯಲು ಬಂದು ಮೈಸೂರಿನ ಗೋಕುಲಂ ಸುತ್ತಮುತ್ತ ತಿಂಗಳುಗಟ್ಟಲೆ ಮನೆ ಹಿಡಿಯುವ ವಿದೇಶಿಯರಿಗೆ ದಿನದ ಹಾಲು, ಮೊಸರು, ತರಕಾರಿಗೆ ಬೀದಿಯ ಅಂಗಡಿಗಳೇ ಸಾಕು. ಹಬ್ಬ ಬಂದಾಗ ಸಾಲುವುದಿಲ್ಲ. ಮನೆ ಮಾಲೀಕರು ಗೌರಿ ಹಬ್ಬಕ್ಕೆ ಕರೆಯುತ್ತಾರೆ, ಬಾಡಿಗೆ ಸ್ಕೂಟರಿಗೂ ಆಯುಧ ಪೂಜೆ ಮಾಡೋಣ ಅನ್ನಿಸುತ್ತದೆ. ಆಗ ಚಿಕ್ಕ ಗಡಿಯಾರದ ಪಕ್ಕದ ದೇವರಾಜ ಮಾರುಕಟ್ಟೆಯೇ ಸರಿ. ಬೆಲೆ ಕಡಿಮೆ ಎಂದಲ್ಲ; ಹಬ್ಬದ ಹೆಸರು ಹೇಳಿದರೆ ಏನು, ಎಷ್ಟು ಬೇಕು ಎಂದು ಮಾರುವವರೇ ಎಣಿಸಿ ಕೊಡುತ್ತಾರೆ. ಗಣೇಶನಿಗೆ ಎಂದರೆ ಇಪ್ಪತ್ತೊಂದು ಗರಿಕೆಯ ಕಟ್ಟು, ಎಕ್ಕದ ಹೂವು, ಗೆಜ್ಜೆವಸ್ತ್ರ ಕೇಳದೆಯೇ ಬರುತ್ತವೆ. ಆನ್‌ಲೈನ್‌ನಲ್ಲಿ ಸಿಗುವ ಪೂಜಾ ಕಿಟ್‌ಗಳಲ್ಲಿ ಹೆಚ್ಚಾಗಿ ಇರುವುದು ಒಣ ಸಾಮಾನು. ಹಬ್ಬಕ್ಕೆ ಕಳೆ ಕೊಡುವ ಹಸಿ ಸಾಮಾನು ಅದರೊಳಗೆ ಬರುವುದು ಅಪರೂಪ.

ಹೂವಿನ ಸಾಲಿನಿಂದಲೇ ಶುರುಮಾಡಬೇಕು, ಹೆಚ್ಚು ಎಡವುವುದೂ ಅಲ್ಲಿಯೇ. ಕಟ್ಟಿದ ಹೂವು ಮೊಳ, ಮಾರಿನ ಲೆಕ್ಕ. ಬಿಡಿ ಹೂವು ತೂಕದ ಲೆಕ್ಕ. ಮೊಳವೆಂದರೆ ಮಾರುವವರ ಮೊಣಕೈಯಿಂದ ಬೆರಳ ತುದಿಯವರೆಗೆ, ಸುಮಾರು ಒಂದೂವರೆ ಅಡಿ. ನಾಲ್ಕು ಮೊಳಕ್ಕೆ ಒಂದು ಮಾರು. ಮುಡಿಯಲು ಒಂದು ಮೊಳ ಸಾಕು, ಮೂರಡಿ ಬಾಗಿಲಿಗೆ ಸ್ವಲ್ಪ ಇಳಿಬಿಟ್ಟು ಕಟ್ಟಲು ಮೂರು ಮೊಳ ಬೇಕು. ಆದರೆ ಉದ್ದಕ್ಕಿಂತ ಕಟ್ಟು ಮುಖ್ಯ. ವಿರಳವಾಗಿ ಕಟ್ಟಿದ ಮಾಲೆಯಲ್ಲಿ ಎರಡು ಹೂವಿನ ನಡುವೆ ದಾರ ಕಾಣುತ್ತದೆ. ಅಂಥದ್ದು ಅಗ್ಗವೆನಿಸಿದರೂ ಹೂವಿನ ಲೆಕ್ಕದಲ್ಲಿ ದುಬಾರಿ. ಬಿಡಿ ಸೇವಂತಿಗೆಯನ್ನು ರಾಶಿಯ ಒಳಗಿನಿಂದ ತೆಗೆಸಿ ಮಗುಚಿ ನೋಡಬೇಕು. ನೀರು ಹೊಡೆದಿಟ್ಟ ಹೂವು ತೂಗುವುದೂ ಹೆಚ್ಚು, ತೊಟ್ಟಿನ ಬಳಿ ಕಂದುವುದೂ ಬೇಗ. ಮಲ್ಲಿಗೆಯನ್ನು ಹಿಂದಿನ ಸಂಜೆ ಮೊಗ್ಗಾಗಿಯೇ ಕೊಂಡು, ಬಾಳೆ ಎಲೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿದರೆ ಬೆಳಗಿನ ಪೂಜೆಗೆ ಚೆನ್ನಾಗಿರುತ್ತದೆ. ಒದ್ದೆ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ರಾತ್ರಿಯೊಳಗೆ ಬೆವತು ಕಪ್ಪಾಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಿ: ಹೂವನ್ನು ಮೂಗಿಗೆ ಹಿಡಿಯುವಂತಿಲ್ಲ. ಮೂಸಿದ ಹೂವು ದೇವರಿಗೆ ಸಲ್ಲದು. ಪಶ್ಚಿಮದಿಂದ ಬಂದವರು ಮೆಚ್ಚುಗೆಯಿಂದಲೇ ಮೂಸುತ್ತಾರೆ, ಹೂವಾಡಗಿತ್ತಿಯ ಮುಖ ಸಪ್ಪಗಾಗುತ್ತದೆ, ಯಾಕೆಂದು ಇವರಿಗೆ ತಿಳಿಯುವುದೇ ಇಲ್ಲ. ದುಡ್ಡನ್ನೂ ಬಲಗೈಯಲ್ಲಿ ಕೊಟ್ಟರೆ ಚೆಂದ. ಹೂವಿಗೆ ಹಬ್ಬದ ದಿನ ಚೌಕಾಸಿ ನಡೆಯದು. ವರಮಹಾಲಕ್ಷ್ಮಿಯ ವಾರದಲ್ಲಿ ಬುಧವಾರದಿಂದಲೇ ಸೇವಂತಿಗೆ, ಕನಕಾಂಬರದ ದರ ಏರಿಬಿಡುತ್ತದೆ. ಬೆಲೆ ಇಳಿಸಿ ಎನ್ನುವ ಬದಲು ‘ಸ್ವಲ್ಪ ಕೊಸರು ಹಾಕಿ’ ಎಂದು ಕನ್ನಡದಲ್ಲಿ ಕೇಳಲಿ, ಒಂದು ಗೇಣು ಹೆಚ್ಚು ಬರುತ್ತದೆ.

ಬಣ್ಣದ ಪುಡಿಯ ಗೋಪುರಗಳ ಬಗ್ಗೆ ನಮ್ಮ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. ಫೋಟೊಗೆ ಅಂದವಾಗಿ ಕಾಣುವ ನೀಲಿ, ಹಸಿರು, ನೇರಳೆ ರಾಶಿಗಳು ರಂಗೋಲಿಗೆ, ಹಣೆಗಲ್ಲ. ಹಚ್ಚಿಕೊಂಡರೆ ತುರಿಕೆ, ಬೆವರಿನ ಜೊತೆ ಕಣ್ಣಿಗಿಳಿದರೆ ಉರಿ. ‘ಹಣೆಗೆ ಇಡೋ ಕುಂಕುಮ’ ಎಂದೇ ಕೇಳಬೇಕು. ಅರಿಶಿನದಲ್ಲೂ ಪೂಜೆಯದ್ದು ಬೇರೆ, ಅಡುಗೆಯದ್ದು ಬೇರೆ. ಸಾರಿಗೆ ಹಾಕುವುದಾದರೆ ಆಹಾರ ಪರವಾನಗಿ ಸಂಖ್ಯೆ ಇರುವ ಪೊಟ್ಟಣವನ್ನೇ ಕೊಳ್ಳಲಿ.

ಗಾಜಿನ ಸೀಸೆಯಲ್ಲಿ ‘ಶುದ್ಧ ಗಂಧದೆಣ್ಣೆ’ ಎಂದು ಮಾರುವುದನ್ನು ಬಿಟ್ಟುಬಿಡಿ. ನಿಜವಾದ ಶ್ರೀಗಂಧದ ಎಣ್ಣೆ ಬಹಳ ದುಬಾರಿ, ಚಿಲ್ಲರೆ ಬೆಲೆಗೆ ಬರುವುದಲ್ಲ. ಅದು ಬೇಕೆಂದರೆ 1916ರಿಂದ ಮೈಸೂರಿನಲ್ಲೇ ಗಂಧದೆಣ್ಣೆ ತೆಗೆಯುತ್ತಿರುವ ಸರ್ಕಾರಿ ಕಾರ್ಖಾನೆಯ, ಈಗಿನ ಸಾಬೂನು ಮತ್ತು ಮಾರ್ಜಕ ನಿಗಮದ, ಮಳಿಗೆಗೆ ಕಳುಹಿಸಿ. ಮಾರುಕಟ್ಟೆಯ ಗೇಟಿನ ಬಳಿ ‘ಊದುಬತ್ತಿ ಹೊಸೆಯುವುದನ್ನು ತೋರಿಸುತ್ತೇವೆ’ ಎಂದು ಕರೆಯುವವರ ಹಿಂದೆ ಹೋದರೆ ಕೊನೆಗೆ ಇದೇ ಸೀಸೆಗಳ ಮುಂದೆ ಕೂರಬೇಕಾಗುತ್ತದೆ.

ತೆಂಗಿನಕಾಯಿಗೆ ಜುಟ್ಟು ಇರಲೇಬೇಕು. ಕಾಯಿಯನ್ನು ಅಲುಗಾಡಿಸಿ ನೀರಿನ ಸದ್ದು ಕೇಳಿ, ಜುಟ್ಟಿನ ಬುಡದಲ್ಲಿ ಕಣ್ಣಿನ ಸುತ್ತ ತೇವ ಅಥವಾ ಬೂಷ್ಟು ಇದೆಯೇ ನೋಡಿ. ಇದ್ದರೆ ಒಳಗೆ ಕೆಟ್ಟಿರುವ ಸಂಭವವೇ ಹೆಚ್ಚು. ಮನೆಗೆ ತಂದ ಮೇಲೆ ಜುಟ್ಟನ್ನು ಕಿತ್ತು ಸ್ವಚ್ಛಮಾಡಿಡುವ ವಿದೇಶಿಯರಿದ್ದಾರೆ, ಹಾಗೆ ಮಾಡಬಾರದೆಂದು ಹೇಳಿ. ವೀಳ್ಯದೆಲೆಗೆ ತುದಿ ಮುರಿದಿರಬಾರದು. ಬಾಳೆಹಣ್ಣಿನಲ್ಲಿ ನಂಜನಗೂಡು ರಸಬಾಳೆ ಸಿಕ್ಕರೆ ಪರಿಮಳಕ್ಕೆ ಸಾಟಿಯಿಲ್ಲ, ಆದರೆ ಬೇಗ ಮೆತ್ತಗಾಗುತ್ತದೆ. ಎರಡು ದಿನ ಮೊದಲೇ ಕೊಳ್ಳುವುದಾದರೆ ಏಲಕ್ಕಿ ಬಾಳೆಯೇ ವಾಸಿ.

ಬಾಳೆಕಂದನ್ನು ಮಾತ್ರ ಇಲ್ಲಿ ಕೊಳ್ಳಬೇಡಿ. ನಾಲ್ಕೈದು ಕಿಲೋಮೀಟರ್ ಸ್ಕೂಟರಿನಲ್ಲಿ ತಂದರೆ ಎಲೆ ಸೀಳಿಹೋಗುತ್ತದೆ. ಹಬ್ಬದ ಹಿಂದಿನ ದಿನ ಬಡಾವಣೆಯ ರಸ್ತೆಬದಿಯಲ್ಲೇ ಜೋಡಿ ಸಿಗುತ್ತದೆ. ಗಣೇಶನನ್ನೂ ಹತ್ತಿರದಲ್ಲೇ ತರಲಿ, ಬಣ್ಣವಿಲ್ಲದ ಮಣ್ಣಿನದ್ದು. ಪಿಒಪಿ ಮೂರ್ತಿಗೆ ರಾಜ್ಯದಲ್ಲಿ ನಿಷೇಧವಿದೆ. ಸಣ್ಣ ಮಣ್ಣಿನ ಮೂರ್ತಿಯಾದರೆ ಮನೆಯ ಬಕೆಟ್ಟಿನಲ್ಲೇ ಬಿಟ್ಟು, ಕರಗಿದ ಮಣ್ಣನ್ನು ಗಿಡಕ್ಕೆ ಹಾಕಬಹುದು.

ದುಡ್ಡಿನ ವಿಷಯಕ್ಕೆ ಬಂದರೆ, ಗಾಡಿಗಾಡಿಗೂ ಯುಪಿಐ ಇದೆ, ಆದರೆ ಇಲ್ಲಿ ಬ್ಯಾಂಕ್ ಖಾತೆಯಿಲ್ಲದ ವಿದೇಶಿಯರಿಗೆ ಅದು ಸುಲಭವಲ್ಲ. ಪ್ರವಾಸಿಗಳಿಗೆಂದೇ ಯುಪಿಐ ಒನ್ ವರ್ಲ್ಡ್ ಎಂಬ ವ್ಯಾಲೆಟ್ ಇದೆ. ಪಾಸ್‌ಪೋರ್ಟ್, ವೀಸಾ ತೋರಿಸಿ ಮಾಡಿಸಿಕೊಂಡಿರದಿದ್ದರೆ ಹತ್ತು, ಇಪ್ಪತ್ತು, ಐವತ್ತರ ನೋಟುಗಳೇ ಗತಿ. ಐನೂರಕ್ಕೆ ಹೂವಿನ ಸಾಲಿನಲ್ಲಿ ಬೆಳಿಗ್ಗೆ ಚಿಲ್ಲರೆ ಸಿಗದು.

ಕಟ್ಟಡ ಹಳೆಯದು. 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆಯ ಕಡೆಯ ಭಾಗ ಕುಸಿದಿತ್ತು. ದಾರಿಗಳು ಇಕ್ಕಟ್ಟು, ನೆಲದ ಮೇಲೆ ಸದಾ ನೀರು, ಸೊಪ್ಪಿನ ಕಸ. ಹವಾಯಿ ಚಪ್ಪಲಿ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಲಿ. ಬೆನ್ನಿನ ದೊಡ್ಡ ಬ್ಯಾಗು ಬೇಡ, ಬಟ್ಟೆಯ ಕೈಚೀಲ ಎರಡಿದ್ದರೆ ಸಾಕು.

ಆಯುಧ ಪೂಜೆಗೆ ಬೂದುಗುಂಬಳ, ನಿಂಬೆಹಣ್ಣು, ಚೆಂಡುಹೂವು ಬೇಕು. ಕುಂಬಳಕ್ಕೆ ಕುಂಕುಮ ತುಂಬಿ ಒಡೆದ ಮೇಲೆ ಚೂರುಗಳನ್ನು ರಸ್ತೆಯಿಂದ ಎತ್ತಿ ಬದಿಗೆ ಹಾಕಲೇಬೇಕೆಂದು ಒತ್ತಿ ಹೇಳಿ; ಬೈಕುಗಳು ಜಾರಿ ಬೀಳುವುದು ಅದರ ಮೇಲೆಯೇ. ಈ ಖರೀದಿಯನ್ನೆಲ್ಲ ನವಮಿಯ ಹಿಂದಿನ ದಿನ ಬೆಳಿಗ್ಗೆ ಬೇಗ ಮುಗಿಸಬೇಕು. ವಿಜಯದಶಮಿಯ ದಿನವಂತೂ ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವುದು ಮಾರುಕಟ್ಟೆಯ ಪಕ್ಕದ ಸಯ್ಯಾಜಿರಾವ್ ರಸ್ತೆಯಲ್ಲೇ. ಅಂದು ವಾಹನ ಬಿಡುವುದಿಲ್ಲ. ಹಣ್ಣು ಹೂವು ಬೇಕಾದರೆ ಗೋಕುಲಂನಲ್ಲೇ ಕೊಳ್ಳಲಿ.