ಚಾಂಪಿಯನ್ಸ್ ಕಪ್ ರಗ್ಬಿ: ಬುಕ್ಕಿ, ಎಕ್ಸ್‌ಚೇಂಜ್, ಸ್ಪ್ರೆಡ್ – ದುಡ್ಡು ಎಲ್ಲಿ ಎಷ್ಟು ಸೋರುತ್ತದೆ

ಯುರೋಪಿನ ಕ್ಲಬ್ ರಗ್ಬಿಯಲ್ಲಿ ಚಾಂಪಿಯನ್ಸ್ ಕಪ್ಪೇ ದೊಡ್ಡದು. ಬ್ರಿಟನ್, ಐರ್ಲೆಂಡ್‌ಗಳಲ್ಲಿ ಇದರ ಮೇಲೆ ಬೆಟ್ ಕಟ್ಟಲು ಮುಖ್ಯವಾಗಿ ಮೂರು ದಾರಿಗಳಿವೆ: ನಿಗದಿತ ದರ ಕೊಡುವ ಬುಕ್ಕಿ, ಬೆಟ್ ಕಟ್ಟುವವರೇ ಪರಸ್ಪರ ಕಟ್ಟಿಕೊಳ್ಳುವ ಎಕ್ಸ್‌ಚೇಂಜ್, ಅಂಕಕ್ಕೆ ಇಷ್ಟು ಎಂದು ಲೆಕ್ಕ ಹಾಕುವ ಸ್ಪ್ರೆಡ್. ಒಂದೇ ಪಂದ್ಯಕ್ಕೆ ಮೂರರ ದರವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು. ಒಂದು ಪಂದ್ಯಕ್ಕೆ ಕಟ್ಟುವುದಾದರೆ ತಂಡ ಪ್ರಕಟವಾದ ನಂತರ ಬುಕ್ಕಿಯಲ್ಲಿ ಹ್ಯಾಂಡಿಕ್ಯಾಪ್ (ಬಲಿಷ್ಠ ತಂಡದ ಸ್ಕೋರಿನಿಂದ ಅಂಕ ಕಳೆದು ಕಟ್ಟುವ ಬೆಟ್), ಕಪ್ ಗೆಲ್ಲುವವರ ಮೇಲಾದರೆ ಎಕ್ಸ್‌ಚೇಂಜ್. ಸ್ಪ್ರೆಡ್ ಬಹುತೇಕರಿಗೆ ಬೇಡ.

ಇದು ಆ ದೇಶಗಳಲ್ಲಿ ನೆಲೆಸಿರುವ, 18 ದಾಟಿದ ಕನ್ನಡಿಗರಿಗೆ ಬರೆದದ್ದು. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಊರಿಗೆ ಬಂದಾಗ ವಿಪಿಎನ್ ಹಾಕಿ ಇಂಗ್ಲೆಂಡಿನ ಖಾತೆ ತೆರೆಯಲು ಹೋಗಬೇಡಿ. ಸಿಕ್ಕಿಬಿದ್ದರೆ ಖಾತೆಯೂ ಅದರಲ್ಲಿರುವ ಹಣವೂ ತಡೆಹಿಡಿಯಲ್ಪಡಬಹುದು.

ಮೊದಲು ಬುಕ್ಕಿಯ ಪಾಲು ಅಳೆಯಿರಿ

ಯಾವ ದಾರಿ ಅಗ್ಗ ಎಂದು ತಿಳಿಯಲು ಒಂದೇ ಲೆಕ್ಕ ಸಾಕು. ದರ ಎಂದರೆ ಗೆದ್ದಾಗ ಕಟ್ಟಿದ 1 ಪೌಂಡಿಗೆ ಅಸಲೂ ಸೇರಿ ಮರಳಿ ಬರುವ ಮೊತ್ತ. ಪ್ರತಿ ದರದಿಂದ 1ನ್ನು ಭಾಗಿಸಿ, ಬಂದದ್ದನ್ನು ಕೂಡಿಸಿ. ಮೊತ್ತ 1ಕ್ಕಿಂತ ಎಷ್ಟು ಹೆಚ್ಚೋ ಅದು ಬುಕ್ಕಿಯ ಮಾರ್ಜಿನ್.

ಸಮಬಲದ ಕ್ವಾರ್ಟರ್ ಫೈನಲ್ ಒಂದಕ್ಕೆ ಆತಿಥೇಯರು 1.72, ಡ್ರಾ 21, ಎದುರಾಳಿ 2.20 ಎಂದು ದರ ಇದೆ ಎನ್ನಿ. 0.581, 0.048, 0.455 ಕೂಡಿದರೆ 1.084. ಅಂದರೆ ಮಾರ್ಜಿನ್ ಶೇ 8ಕ್ಕೂ ಹೆಚ್ಚು. ಅದೇ ಪಂದ್ಯದ ಹ್ಯಾಂಡಿಕ್ಯಾಪ್‌ನಲ್ಲಿ ಎರಡೂ ಕಡೆ 1.91 ಇದ್ದರೆ ಮೊತ್ತ 1.047, ಮಾರ್ಜಿನ್ ಶೇ 5ರೊಳಗೆ. ವಿಶೇಷ ತಿಳಿವಳಿಕೆ ಇಲ್ಲದೆ ಕಟ್ಟುವವರು ದೀರ್ಘಾವಧಿಯಲ್ಲಿ 100 ಪೌಂಡ್‌ಗೆ ಮೊದಲನೆಯದರಲ್ಲಿ ಸುಮಾರು ಏಳೂಮುಕ್ಕಾಲು, ಎರಡನೆಯದರಲ್ಲಿ ನಾಲ್ಕೂವರೆ ಪೌಂಡ್ ಬಿಟ್ಟುಕೊಡುತ್ತಾರೆ. ಯಾವ ದಾರಿಯಲ್ಲೂ ಈ ಲೆಕ್ಕ ಬೆಟ್ ಕಟ್ಟುವವನ ವಿರುದ್ಧವೇ ಶುರುವಾಗುತ್ತದೆ. ಆದ್ದರಿಂದ ಬೆಟ್ಟಿಂಗನ್ನು ಆದಾಯ ಎಂದುಕೊಳ್ಳಬೇಡಿ, ಖರ್ಚಿನ ಖಾತೆಗೆ ಬರೆಯಿರಿ.

80 ನಿಮಿಷದ ಬಲೆ

ಗೆಲ್ಲುವವರು ಯಾರು ಎಂಬ ಬೆಟ್ ಸಾಮಾನ್ಯವಾಗಿ 80 ನಿಮಿಷಕ್ಕೆ ಇತ್ಯರ್ಥವಾಗುತ್ತದೆ. ಹೆಚ್ಚುವರಿ ಸಮಯ ಲೆಕ್ಕಕ್ಕಿಲ್ಲ. 2024ರ ಫೈನಲ್‌ನಲ್ಲಿ, ಲಂಡನ್ನಿನ ಟಾಟನ್‌ಹ್ಯಾಮ್ ಮೈದಾನದಲ್ಲಿ, ಟುಲೂಸ್ ಲೆನ್‌ಸ್ಟರ್ ತಂಡವನ್ನು 31–22ರಿಂದ ಸೋಲಿಸಿ ಆರನೇ ಕಪ್ ಎತ್ತಿತು. ಆದರೆ 80 ನಿಮಿಷ ಮುಗಿದಾಗ ಸ್ಕೋರು 15–15. ಟುಲೂಸ್ ಗೆಲ್ಲುತ್ತದೆ ಎಂದು ಮೂರು ಆಯ್ಕೆಯ ಬೆಟ್ ಕಟ್ಟಿದವರು, ತಂಡ ಕಪ್ ಹಿಡಿದು ನಿಂತಿದ್ದರೂ ಹಣ ಕಳೆದುಕೊಂಡರು. 2022ರ ಕ್ವಾರ್ಟರ್ ಫೈನಲ್‌ನಲ್ಲಿ ಮನ್‌ಸ್ಟರ್–ಟುಲೂಸ್ 24–24ಕ್ಕೆ ನಿಂತು, ಕೊನೆಗೆ ಕಿಕ್ಕುಗಳಲ್ಲಿ 4–2ರಿಂದ ತೀರ್ಮಾನವಾಯಿತು.

ನಾಕೌಟ್‌ನಲ್ಲಿ ನಿಮಗೆ ಬೇಕಾದದ್ದು 'ಮುಂದಿನ ಸುತ್ತಿಗೆ ಹೋಗುವವರು' ಅಥವಾ 'ಕಪ್ ಎತ್ತುವವರು' ಎಂಬ ಎರಡೇ ಆಯ್ಕೆಯ ಬೆಟ್. ದರ ಸ್ವಲ್ಪ ಕಡಿಮೆ, ಮಾರ್ಜಿನ್ನೂ ಕಡಿಮೆ: ಮೇಲಿನ ಉದಾಹರಣೆಯಲ್ಲಿ 1.67 ಮತ್ತು 2.20 ಇದ್ದರೆ ಶೇ 5ರ ಆಸುಪಾಸು. ಹ್ಯಾಂಡಿಕ್ಯಾಪ್ ಕೂಡ ಸಾಮಾನ್ಯವಾಗಿ 80 ನಿಮಿಷಕ್ಕೇ ಮುಗಿಯುತ್ತದೆ ಎಂಬುದು ನೆನಪಿರಲಿ. ಬೆಟ್ ಸ್ಲಿಪ್‌ನಲ್ಲಿ ಈ ಸಾಲು ಚಿಕ್ಕ ಅಕ್ಷರದಲ್ಲಿರುತ್ತದೆ. ಕಟ್ಟುವ ಮುಂಚೆ ಹುಡುಕಿ ಓದಿ.

ಹ್ಯಾಂಡಿಕ್ಯಾಪ್: ಟೂರ್ನಿ ಗೊತ್ತಿದ್ದವರಿಗೆ ಜಾಗ ಇರುವುದು ಇಲ್ಲಿ

ಫೇವರಿಟ್ ತಂಡದ ಸ್ಕೋರಿನಿಂದ ಮೊದಲೇ ಇಷ್ಟು ಅಂಕ ಕಳೆದು ಪಂದ್ಯವನ್ನು ಸಮಬಲ ಮಾಡುವುದೇ ಹ್ಯಾಂಡಿಕ್ಯಾಪ್. −12.5 ಎಂದರೆ 13 ಅಥವಾ ಹೆಚ್ಚಿನ ಅಂತರದಿಂದ ಗೆಲ್ಲಬೇಕು. ಹೀಗೆ ಕಳೆಯುವ ಅಂಕವೇ ಗೆರೆ. ಅರ್ಧ ಅಂಕ ಇರುವ ಗೆರೆಯನ್ನೇ ಆರಿಸಿ. ಪೂರ್ಣ ಸಂಖ್ಯೆಗೆ ಮೂರು ಆಯ್ಕೆ ಕೊಡುವ ಕಡೆ ಹ್ಯಾಂಡಿಕ್ಯಾಪ್ ಡ್ರಾ ಎಂಬ ಮೂರನೆಯದು ಸೇರಿಕೊಂಡು ಮಾರ್ಜಿನ್ ಮತ್ತೆ ದಪ್ಪವಾಗುತ್ತದೆ.

ಈ ಟೂರ್ನಿಯಲ್ಲಿ ಗೆರೆ ತಪ್ಪುವುದಕ್ಕೆ ಮುಖ್ಯ ಕಾರಣ ಕ್ಲಬ್ ತನ್ನ ಮುಖ್ಯ ಆಟಗಾರರನ್ನು ಬಿಟ್ಟು ಇಳಿಸುವ ಎರಡನೇ ದರ್ಜೆಯ ತಂಡ. ಫ್ರಾನ್ಸಿನ ಕ್ಲಬ್‌ಗಳಿಗೆ ತಮ್ಮ ಲೀಗ್ ಟಾಪ್ 14 ಪ್ರಾಣ. 2022–23ರಿಂದ ಸೇರಿದ ದಕ್ಷಿಣ ಆಫ್ರಿಕಾದ ಕ್ಲಬ್‌ಗಳಿಗೆ ದೂರದ ವಿಮಾನ ಪ್ರಯಾಣದ ಹೊರೆ. 2024ರ ಏಪ್ರಿಲ್‌ನಲ್ಲಿ ಬುಲ್ಸ್ ತಮ್ಮ ಮುಖ್ಯ ಆಟಗಾರರಲ್ಲಿ ಹಲವರನ್ನು ಮನೆಯಲ್ಲೇ ಬಿಟ್ಟು ಕ್ವಾರ್ಟರ್ ಫೈನಲ್‌ಗೆ ನಾರ್ಥಾಂಪ್ಟನ್‌ಗೆ ಬಂದರು. ಸೋತದ್ದು 59–22ರಿಂದ, 37 ಅಂಕಗಳ ಅಂತರ. ತಂಡದ ಪಟ್ಟಿ ಸಾಮಾನ್ಯವಾಗಿ ಪಂದ್ಯಕ್ಕೆ ಒಂದೆರಡು ದಿನ ಮೊದಲು ಹೊರಬೀಳುತ್ತದೆ. ಸೋಮವಾರದ ಗೆರೆಗೂ ಶುಕ್ರವಾರದ ಗೆರೆಗೂ ದೊಡ್ಡ ವ್ಯತ್ಯಾಸ ಕಾಣುವುದು ಇದಕ್ಕೇ.

ಸೋಮವಾರವೇ ಕಟ್ಟಿದರೆ ದರ ಚೆನ್ನಾಗಿರಬಹುದು, ಆದರೆ ಅದು ತಂಡದ ಪಟ್ಟಿಯ ಮೇಲೆ ಆಡುವ ಜೂಜು. ಪಟ್ಟಿ ಬಂದ ತಕ್ಷಣ ನೋಡಬೇಕಾದದ್ದು ಮೊದಲು ಆಟ ನಡೆಸುವ 9 ಮತ್ತು 10ನೇ ಜೆರ್ಸಿ, ಆಮೇಲೆ ಗೋಲ್ ಕಿಕ್ಕರ್ ಯಾರು, ಆಮೇಲೆ ಮುಂಚೂಣಿಯ ಮೂವರು ಮತ್ತು ಬೆಂಚಿನ ಅವರ ಬದಲಿಗಳು. ಸ್ಕ್ರಮ್ (ಎರಡೂ ಕಡೆಯವರು ಗುಂಪಾಗಿ ಎದುರುಬದುರು ತಳ್ಳುವುದು) ಕುಸಿದರೆ ಪೆನಾಲ್ಟಿ ಮೇಲೆ ಪೆನಾಲ್ಟಿ. ಬೆಂಚಿನ ಪ್ರಾಪ್‌ಗಳು (ಮುಂಚೂಣಿಯ ಎರಡು ಅಂಚಿನವರು) ದುರ್ಬಲರಾಗಿದ್ದರೆ ಕೊನೆಯ 25 ನಿಮಿಷದಲ್ಲಿ ಅಂತರ ಹಿಗ್ಗುತ್ತದೆ. ಮುಂದಿನ ವಾರ ಆ ತಂಡಕ್ಕೆ ಲೀಗ್‌ನಲ್ಲಿ ಯಾವ ಪಂದ್ಯವಿದೆ ಎಂದೂ ನೋಡಿ.

ಗುಂಪಿನ ಪಂದ್ಯ ಮತ್ತು ನಾಕೌಟ್ ಎರಡಕ್ಕೂ ಒಂದೇ ಲೆಕ್ಕ ಹಿಡಿಯಬಾರದು. ಗುಂಪಿನಲ್ಲಿ ಗೆಲುವಿಗೆ 4 ಅಂಕ, ನಾಲ್ಕು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವುದು) ಹೊಡೆದರೆ 1 ಬೋನಸ್, 7 ಅಥವಾ ಕಡಿಮೆ ಅಂತರದಲ್ಲಿ ಸೋತರೆ 1 ಬೋನಸ್. ಹಾಗಾಗಿ 10 ಅಂಕ ಹಿಂದಿರುವ ತಂಡ 78ನೇ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕರೆ ಕಂಬದ ಕಡೆ ಬೆರಳು ತೋರಿಸಿ 3 ಅಂಕ ತೆಗೆದುಕೊಳ್ಳುವುದುಂಟು. ಅಂತರ 7ಕ್ಕೆ ಇಳಿಯುತ್ತದೆ, −7.5 ಹಿಡಿದವರ ಬೆಟ್ ಅಲ್ಲೇ ಹೋಗುತ್ತದೆ. ನಾಕೌಟ್‌ನಲ್ಲಿ ಬೋನಸ್ ಇಲ್ಲ. ಅದೇ ತಂಡ ಚೆಂಡನ್ನು ಮೂಲೆಗೆ ಒದ್ದು ಟ್ರೈಗೆ ಹೋಗುತ್ತದೆ, ಕೆಲವೊಮ್ಮೆ ಚೆಂಡು ಕಳೆದುಕೊಂಡು ಇನ್ನೊಂದು ಟ್ರೈ ಬಿಟ್ಟುಕೊಡುತ್ತದೆ. ಆದ್ದರಿಂದ ಗುಂಪಿನ ಪಂದ್ಯದಲ್ಲಿ ಕೆಳಗಿನ ತಂಡಕ್ಕೆ +7.5 ಸಿಕ್ಕರೆ ಅದು +6.5ಕ್ಕಿಂತ ಬಹಳ ಬೆಲೆಯುಳ್ಳದ್ದು. ಎರಡಕ್ಕೂ ಒಂದೇ ದರ ಕೊಡುವ ಬುಕ್ಕಿ ಸಿಕ್ಕರೆ ಕಣ್ಣು ಮುಚ್ಚಿ 7.5 ಹಿಡಿಯಿರಿ.

ಕಳೆದ ಸುತ್ತಿನ ಸ್ಕೋರು ನೋಡಿ ಗೆರೆ ಏರುವುದು ಇನ್ನೊಂದು ತೊಂದರೆ. 2025ರಲ್ಲಿ ಲೆನ್‌ಸ್ಟರ್ 16ರ ಸುತ್ತಿನಲ್ಲಿ ಹಾರ್ಲೆಕ್ವಿನ್ಸ್ ಮೇಲೆ 62–0, ಕ್ವಾರ್ಟರ್ ಫೈನಲ್‌ನಲ್ಲಿ ಗ್ಲಾಸ್ಗೊ ಮೇಲೆ 52–0 ಗೆದ್ದಿತು. ಸೆಮಿಫೈನಲ್‌ಗೆ ಡಬ್ಲಿನ್‌ನಲ್ಲೇ ಭಾರಿ ಫೇವರಿಟ್. ನಾರ್ಥಾಂಪ್ಟನ್ 37–34ರಿಂದ ಗೆದ್ದುಹೋಯಿತು. ಇಂಥ ಹೊತ್ತಿನಲ್ಲಿ ಕೆಳಗಿನ ತಂಡಕ್ಕೆ ಸಿಗುವ ಅಂಕಗಳೇ ನಮಗೆ ಹೆಚ್ಚು ಇಷ್ಟ.

ಎಕ್ಸ್‌ಚೇಂಜ್: ದರ ಮೇಲು, ಆಳ ಕಡಿಮೆ

ಇಲ್ಲಿ ಬುಕ್ಕಿ ಇಲ್ಲ. ಒಬ್ಬ 'ಗೆಲ್ಲುತ್ತದೆ' ಎಂದು ಹಿಡಿದರೆ ಇನ್ನೊಬ್ಬ 'ಗೆಲ್ಲುವುದಿಲ್ಲ' ಎಂದು ಹಿಡಿಯುತ್ತಾನೆ. ಎಕ್ಸ್‌ಚೇಂಜ್ ಗೆದ್ದವನ ನಿವ್ವಳ ಲಾಭದಲ್ಲಿ ಕಮಿಷನ್ ತೆಗೆದುಕೊಳ್ಳುತ್ತದೆ. ಸಂಸ್ಥೆ, ಯೋಜನೆ ನೋಡಿಕೊಂಡು ಅದು ಶೇ 2, 5 ಹೀಗೆ ಬದಲಾಗುತ್ತದೆ. ಬುಕ್ಕಿಯಲ್ಲಿ 1.72 ಇರುವಾಗ ಇಲ್ಲಿ 1.80 ಸಿಕ್ಕಿತು ಎನ್ನಿ. 20 ಪೌಂಡ್‌ಗೆ ಬುಕ್ಕಿಯಿಂದ ಲಾಭ 14.40. ಇಲ್ಲಿ 16, ಶೇ 2 ಕಮಿಷನ್ ಹೋಗಿ 15.68, ಶೇ 5 ಹೋದರೂ 15.20. ಡ್ರಾ ಇಲ್ಲೂ ಪ್ರತ್ಯೇಕ ಆಯ್ಕೆ, 80 ನಿಮಿಷದ ನಿಯಮ ಇಲ್ಲೂ ಇದೆ.

ಕೊರತೆ ಹಣದ ಆಳದ್ದು. ಫುಟ್ಬಾಲ್‌ಗೆ ಹರಿಯುವಷ್ಟು ಹಣ ಕ್ಲಬ್ ರಗ್ಬಿಗೆ ಬರುವುದಿಲ್ಲ. ವಾರದ ಮಧ್ಯದಲ್ಲಿ ಒಂದೇ ತಂಡವನ್ನು ಹಿಡಿಯಲು 1.70, ಅದರ ವಿರುದ್ಧ ಹಿಡಿಯಲು 1.95 ಎಂದು ಬಾಯಿ ತೆರೆದುಕೊಂಡಿರುತ್ತದೆ. ನಿಮ್ಮ 20 ಪೌಂಡ್‌ನಲ್ಲಿ 6 ಮಾತ್ರ ಹೊಂದಿಕೆಯಾಗಿ ಉಳಿದದ್ದು ನೇತಾಡುತ್ತದೆ. ಪಂದ್ಯ ಶುರುವಾಗುವ ಮುಂಚಿನ ಒಂದೆರಡು ಗಂಟೆಯಲ್ಲಿ ಬಾಯಿ ಕಿರಿದಾಗುತ್ತದೆ, ಅಲ್ಲಿಯವರೆಗೆ ಕಾಯುವುದು ಒಳ್ಳೆಯದು. ಹ್ಯಾಂಡಿಕ್ಯಾಪ್‌ನಲ್ಲಂತೂ ಹಣ ಇನ್ನೂ ತೆಳು, ಅದಕ್ಕೇ ಹ್ಯಾಂಡಿಕ್ಯಾಪನ್ನು ಬುಕ್ಕಿಗೆ ಬಿಟ್ಟಿದ್ದೇವೆ.

ಎಕ್ಸ್‌ಚೇಂಜ್ ಮಿಂಚುವುದು ಕಪ್ ಗೆಲ್ಲುವವರ ಬೆಟ್‌ನಲ್ಲಿ. ಬುಕ್ಕಿಯಲ್ಲಿ 24 ತಂಡಗಳ ದರವನ್ನು ಮೇಲಿನ ಲೆಕ್ಕದಲ್ಲಿ ಕೂಡಿಸಿ ನೋಡಿದರೆ ಮಾರ್ಜಿನ್ ಪಂದ್ಯದ ಬೆಟ್‌ಗಿಂತ ಎಷ್ಟು ದಪ್ಪ ಎಂದು ತಿಳಿಯುತ್ತದೆ. ಎಕ್ಸ್‌ಚೇಂಜ್‌ನಲ್ಲಿ ಡಿಸೆಂಬರ್‌ಗೆ ಮುಂಚೆ ಒಂದು ತಂಡವನ್ನು 9.0ಕ್ಕೆ 20 ಪೌಂಡ್ ಹಿಡಿದಿದ್ದೀರಿ, ಅದು ಫೈನಲ್‌ಗೆ ಬಂದು ದರ 1.80 ಆಯಿತು ಎನ್ನಿ. ಈಗ 100 ಪೌಂಡ್‌ಗೆ ಆ ತಂಡದ ವಿರುದ್ಧ ಹಿಡಿಯಿರಿ. ಗೆದ್ದರೆ 160 ಬಂದು 80 ಹೋಗುತ್ತದೆ, ಸೋತರೆ 100 ಬಂದು 20 ಹೋಗುತ್ತದೆ. ಎರಡರಲ್ಲೂ 80 ಉಳಿದು, ಶೇ 2 ಕಮಿಷನ್ ತೆಗೆದರೆ 78.40. ಹೊಂದಿಸಬೇಕಾದ ಮೊತ್ತದ ಸೂತ್ರ: ಹಳೆಯ ದರ ಗುಣಿಸು ಹಳೆಯ ಮೊತ್ತ, ಭಾಗಿಸು ಹೊಸ ದರ. ಹಳೆಯ ಬೆಟ್ ಇಲ್ಲದೆ ನೇರವಾಗಿ ಹೀಗೆ ವಿರುದ್ಧ ಹಿಡಿದರೆ 80 ಪೌಂಡ್ ಹೊಣೆ ಖಾತೆಯಲ್ಲಿ ಅಡವಿರಬೇಕು ಎಂಬುದನ್ನು ಹೊಸಬರು ಮರೆಯುತ್ತಾರೆ.

ಪಂದ್ಯ ನಡೆಯುವಾಗ ಕಟ್ಟುವುದನ್ನು ನಾವು ಸಲಹೆ ಮಾಡುವುದಿಲ್ಲ. ಮೊಬೈಲ್ ಸ್ಟ್ರೀಮ್ ಮೈದಾನಕ್ಕಿಂತ ಹಲವು ಸೆಕೆಂಡ್ ಹಿಂದಿರುತ್ತದೆ. ನೀವು ಟ್ರೈ ನೋಡುವ ಹೊತ್ತಿಗೆ ದರ ಬದಲಾಗಿ ಮುಗಿದಿರುತ್ತದೆ.

ಸ್ಪ್ರೆಡ್

ಲೆನ್‌ಸ್ಟರ್ ಗೆಲುವಿನ ಅಂತರ 12–15 ಎಂದು ಸ್ಪ್ರೆಡ್ ಇದೆ. ಅಂಕಕ್ಕೆ 2 ಪೌಂಡ್‌ನಂತೆ 15ಕ್ಕೆ ಕೊಂಡರೆ (ಅಂತರ ಅದಕ್ಕಿಂತ ಹೆಚ್ಚುತ್ತದೆ ಎಂದು ಹಿಡಿದರೆ), 22ರ ಅಂತರದಲ್ಲಿ ಗೆದ್ದಾಗ 7×2, ಅಂದರೆ 14 ಪೌಂಡ್ ಲಾಭ. ಆ ಸೆಮಿಫೈನಲ್‌ನಂತೆ 3 ಅಂಕದಿಂದ ಸೋತರೆ 18×2, ಅಂದರೆ 36 ಪೌಂಡ್ ನಷ್ಟ. ಕಟ್ಟಿದ್ದಕ್ಕಿಂತ ಹೆಚ್ಚು ಹೋಗಬಹುದಾದ ದಾರಿ ಈ ಮೂರರಲ್ಲಿ ಇದೊಂದೇ. ಬ್ರಿಟನ್ನಿನಲ್ಲಿ ಇದನ್ನು ಜೂಜಿನ ಆಯೋಗ ನೋಡಿಕೊಳ್ಳುವುದಿಲ್ಲ, ಹಣಕಾಸು ನಿಯಂತ್ರಕ ಎಫ್‌ಸಿಎ ನೋಡಿಕೊಳ್ಳುತ್ತದೆ. ರಗ್ಬಿಯಲ್ಲಿ ಒಂದು ಕೆಂಪು ಕಾರ್ಡು ಅಂತರವನ್ನು ಬಹಳವೇ ಅಲುಗಿಸಬಲ್ಲದು. ನಷ್ಟಕ್ಕೆ ಮಿತಿ ಹಾಕುವ ಸ್ಟಾಪ್ ಇಲ್ಲದೆ ಇದರ ಹತ್ತಿರ ಹೋಗಬಾರದು.

ಉಳಿದವು

ಒಟ್ಟು ಅಂಕದ ಬೆಟ್ ಹವಾಮಾನದ ಬೆಟ್. ಡಿಸೆಂಬರ್, ಜನವರಿಯಲ್ಲಿ ಐರ್ಲೆಂಡಿನ ಲಿಮೆರಿಕ್ ಊರಿನ ಗಾಳಿ–ಮಳೆಯಲ್ಲಿ ಕಿಕ್ಕೂ ಹಾದಿ ತಪ್ಪುತ್ತದೆ, ಕೈಯಿಂದ ಚೆಂಡೂ ಜಾರುತ್ತದೆ. ರೇಸಿಂಗ್ 92 ಆಡುವ ಪ್ಯಾರಿಸ್‌ನ ಲಾ ಡಿಫಾನ್ಸ್ ಅರೀನಾಕ್ಕೆ ಚಾವಣಿ ಇದೆ, ಅಲ್ಲಿ ಮುನ್ಸೂಚನೆ ನೋಡುವ ಕೆಲಸವಿಲ್ಲ. ಗಾಳಿಯ ವೇಗವನ್ನು ಪಂದ್ಯದ ಬೆಳಿಗ್ಗೆ ನೋಡಿ. ಮಳೆಗಿಂತ ಗಾಳಿಯೇ ಹೆಚ್ಚು ಅಂಕ ತಿನ್ನುತ್ತದೆ.

ಟ್ರೈ ಹೊಡೆಯುವವರ ಬೆಟ್ ಆಕರ್ಷಕ, ಆದರೆ ಮಾರ್ಜಿನ್ ದಪ್ಪ. 2024–25ರಲ್ಲಿ ಬೋರ್ಡೊದ ಡೇಮಿಯನ್ ಪೆನೋ 14 ಟ್ರೈ ಹೊಡೆದು ದಾಖಲೆ ಬರೆದ ಮೇಲೆ ಆತನಂಥ ವಿಂಗ್ ಆಟಗಾರರ ದರದಲ್ಲಿ ರಸ ಉಳಿಯುವುದಿಲ್ಲ. ಕಟ್ಟಲೇಬೇಕೆಂದರೆ ಲೈನ್‌ಔಟ್ ಮಾಲ್ (ಪಕ್ಕದ ಗೆರೆಯಿಂದ ಎಸೆದ ಚೆಂಡು ಹಿಡಿದು ಗುಂಪಾಗಿ ತಳ್ಳುತ್ತ ಸಾಗುವುದು) ಬಲವಾಗಿರುವ ತಂಡದ ಹುಕರ್ (ಮುಂಚೂಣಿಯ ನಡುವಿನವ) ನೋಡಿ, ಮಾಲ್‌ನ ಹಿಂದೆ ಚೆಂಡು ಹಿಡಿದಿರುವುದು ಬಹುತೇಕ ಆತನೇ. ಎದುರಾಳಿಯ ತಪ್ಪಿಗೆ ರೆಫರಿ ಕೊಡುವ ಪೆನಾಲ್ಟಿ ಟ್ರೈ ಯಾವ ಆಟಗಾರನ ಲೆಕ್ಕಕ್ಕೂ ಸೇರುವುದಿಲ್ಲ.

ನಾಲ್ಕು ಹ್ಯಾಂಡಿಕ್ಯಾಪ್ ಜೋಡಿಸಿದ ಅಕ್ಯುಮುಲೇಟರ್ (ನಾಲ್ಕೂ ಗೆದ್ದರಷ್ಟೇ ಹಣ ಬರುವ ಬೆಟ್) ಬೇಡವೇ ಬೇಡ. 1.91ರ ನಾಲ್ಕನೇ ಘಾತ 13.3. ಸಮಬಲದ ನಾಲ್ಕು ಆಯ್ಕೆಗೆ ನ್ಯಾಯವಾದ ದರ 16. ಶೇ 5ರೊಳಗಿದ್ದ ಸೋರಿಕೆ ಶೇ 17ರ ಹತ್ತಿರ ಹೋಗುತ್ತದೆ.

ದೇಶ, ಖಾತೆ, ಮಿತಿ

ಬ್ರಿಟನ್ನಿನಲ್ಲಿ ಗೆದ್ದ ಹಣಕ್ಕೆ ಬೆಟ್ ಕಟ್ಟಿದವ ತೆರಿಗೆ ಕಟ್ಟಬೇಕಿಲ್ಲ. ಐರ್ಲೆಂಡಿನಲ್ಲಿ ಶೇ 2ರ ಬೆಟ್ಟಿಂಗ್ ಸುಂಕವನ್ನು ಸಾಮಾನ್ಯವಾಗಿ ಬುಕ್ಕಿಯೇ ಹೊರುತ್ತಾನೆ. ಫ್ರಾನ್ಸಿನಲ್ಲಿ ಆನ್‌ಲೈನ್ ಬುಕ್ಕಿ ಸರಾಸರಿ ಶೇ 85ಕ್ಕಿಂತ ಹೆಚ್ಚು ಮರಳಿ ಕೊಡುವಂತಿಲ್ಲ ಎಂದು ಕಾನೂನೇ ಇದೆ. ಅದಕ್ಕೇ ಟುಲೂಸ್ ಪಂದ್ಯಕ್ಕೆ ಟುಲೂಸಿನಲ್ಲಿ ಕುಳಿತವರಿಗಿಂತ ಲಂಡನ್ನಿನಲ್ಲಿ ಕುಳಿತವರಿಗೆ ಒಳ್ಳೆಯ ದರ.

ಬ್ರಿಟನ್ನಿನಲ್ಲಿ ಕ್ರೆಡಿಟ್ ಕಾರ್ಡಿನಿಂದ ಬೆಟ್ ಕಟ್ಟುವುದನ್ನು 2020ರ ಏಪ್ರಿಲ್‌ನಿಂದ ನಿಲ್ಲಿಸಿದ್ದಾರೆ, ಡೆಬಿಟ್ ಕಾರ್ಡ್ ಬೇಕು. ಪರವಾನಗಿ ಸಂಖ್ಯೆಯನ್ನು ಜೂಜಿನ ಆಯೋಗದ ಪಟ್ಟಿಯಲ್ಲಿ ಹೊಂದಿಸಿ ನೋಡದೆ ಖಾತೆ ತೆರೆಯಬೇಡಿ. ಚೆನ್ನಾಗಿ ಆಡುವವರ ಖಾತೆಗೆ ಬುಕ್ಕಿಗಳು ಮಿತಿ ಹಾಕುವುದು ಮಾಮೂಲು: 20 ಪೌಂಡ್ ಕೇಳಿದರೆ 1.40 ಪೌಂಡಿಗಷ್ಟೇ ಒಪ್ಪಿಗೆ ಬರಬಹುದು. ಎಕ್ಸ್‌ಚೇಂಜ್‌ನಲ್ಲಿ ಆ ಕಾಟ ಇಲ್ಲ.

ಋತುವಿಗೆ ಕಳೆದುಕೊಂಡರೂ ಮನೆ ನಡೆಯುವಷ್ಟು ಮೊತ್ತ ಮೊದಲೇ ತೆಗೆದಿಡಿ, ಒಂದು ಬೆಟ್‌ಗೆ ಅದರ ಶೇ 1ರಿಂದ 2. ಖಾತೆ ತೆರೆದ ದಿನವೇ ಠೇವಣಿ ಮಿತಿ ಹಾಕಿ. ಇಳಿಸಿದ ಮಿತಿ ತಕ್ಷಣ ಜಾರಿಗೆ ಬರುತ್ತದೆ, ಏರಿಸಲು ಕಾಯಬೇಕು. ಸೋತದ್ದನ್ನು ಭಾನುವಾರದ ಪಂದ್ಯದಲ್ಲಿ ಹಿಂಪಡೆಯುವ ಹಟ ಹುಟ್ಟಿತೆಂದರೆ ಗ್ಯಾಮ್‌ಸ್ಟಾಪ್‌ನಲ್ಲಿ ಉಚಿತವಾಗಿ ನೋಂದಾಯಿಸಿ. ಬ್ರಿಟನ್ನಿನ ಪರವಾನಗಿ ಇರುವ ಆನ್‌ಲೈನ್ ಜೂಜಿನ ತಾಣಗಳೆಲ್ಲ ಒಂದೇ ಅರ್ಜಿಯಿಂದ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಮುಚ್ಚುತ್ತವೆ. ಆದರೆ ಎಫ್‌ಸಿಎ ಅಡಿಯಲ್ಲಿರುವ ಸ್ಪ್ರೆಡ್ ಖಾತೆಯೂ ಇದ್ದರೆ ಅದನ್ನು ಆ ಸಂಸ್ಥೆಗೇ ಬೇರೆಯಾಗಿ ಬರೆದು ಮುಚ್ಚಿಸಿ.