ಸಿಗ್ನಲ್: ಎರಡು ವರ್ಷ ಬಳಸಿದ ಮೇಲೆ

ಬರೀ ಟಾರ್ಚ್‌ಗೆಂದು ಹಾಕಿಕೊಂಡಿದ್ದ ಆ್ಯಪ್ ಒಂದು ನನ್ನ ಕಾಂಟ್ಯಾಕ್ಟ್ಸ್ ಕೇಳಿತು. ಬೆಳಕಿಗೂ ನಮ್ಮ ಅತ್ತೆಯ ನಂಬರಿಗೂ ಏನು ಸಂಬಂಧ? ಅವತ್ತು ರಾತ್ರಿ ಕೂತು ಫೋನಿನ ಆ್ಯಪ್‌ಗಳನ್ನೆಲ್ಲ ಜಾಲಾಡಿದೆ. ಸಿಗ್ನಲ್ ಎಂಬ ಮೆಸೇಜ್ ಆ್ಯಪ್‌ಗೆ ಬಂದದ್ದು ಹಾಗೆ.

ಇದೂ ಕಾಂಟ್ಯಾಕ್ಟ್ಸ್ ಕೇಳುತ್ತದೆ, ಸುಳ್ಳು ಹೇಳಬಾರದು. ಆದರೆ ಬೇಡ ಎಂದರೂ ಮುನಿಸಿಕೊಳ್ಳುವುದಿಲ್ಲ. ನಂಬರ್ ಒತ್ತಿ ಹುಡುಕಬೇಕು, ಅಷ್ಟೇ.

ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ (ಕಳಿಸಿದವರು, ಪಡೆದವರು ಬಿಟ್ಟರೆ ನಡುವೆ ಯಾರೂ ಓದಲಾಗದಂತೆ ಮಾತನ್ನು ಗುಟ್ಟಾಗಿಸುವುದು) ಇದೊಂದರಲ್ಲೇ ಇರುವುದಲ್ಲ. ಅದಕ್ಕೆ ಸಿಗ್ನಲ್‌ನವರ ಪ್ರೋಟೋಕಾಲನ್ನೇ, ಅಂದರೆ ಅವರ ವಿಧಾನವನ್ನೇ, ವಾಟ್ಸ್ಆ್ಯಪ್ ಕೂಡ ಬಳಸುತ್ತದೆ. ನನಗೆ ನಂಬಿಕೆ ಬಂದದ್ದು ಬೇರೆ ಕಾರಣಕ್ಕೆ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು (ಮೊಕದ್ದಮೆ ಹೂಡಬೇಕೇ ಎಂದು ನೋಡುವ ನಾಗರಿಕರ ಮಂಡಳಿ) ಬಳಕೆದಾರರ ಮಾಹಿತಿ ಕೊಡಿ ಎಂದು, ಆಗ ಇದನ್ನು ನಡೆಸುತ್ತಿದ್ದ ಓಪನ್ ವಿಸ್ಪರ್ ಸಿಸ್ಟಮ್ಸ್‌ಗೆ ಆದೇಶ ಕಳಿಸಿತ್ತು. ಅವರ ಹತ್ತಿರ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಸಲ ಸರ್ವರ್‌ಗೆ ಸೇರಿದ ಸಮಯ. ಯಾರ ಜೊತೆ ಮಾತು, ಯಾವ ಗುಂಪು, ಏನೂ ಇರಲಿಲ್ಲ. ನಿಮ್ಮ ಮಾಹಿತಿ ಜೋಪಾನ ಮಾಡುತ್ತೇವೆ ಅಂತ ಪ್ರತಿ ಪ್ರೈವಸಿ ಪಾಲಿಸಿಯೂ ಹೇಳುತ್ತದೆ. ಇಟ್ಟುಕೊಳ್ಳದೇ ಇದ್ದರೆ ಜೋಪಾನದ ಮಾತೇ ಬರಲ್ಲ, ಅಲ್ವಾ?

ಜಾಹೀರಾತು ಇಲ್ಲ. ಲಾಭಕ್ಕಲ್ಲದ ಸಂಸ್ಥೆ, ದೇಣಿಗೆಯಿಂದ ನಡೆಯುತ್ತದೆ.

ಕೊರತೆ ಎಂದರೆ, ಖಾತೆ ತೆರೆಯಲು ಫೋನ್ ನಂಬರ್ ಕೊಡಲೇಬೇಕು. ಗುಟ್ಟು ಕಾಯುವ ಆ್ಯಪ್‌ಗೆ ಇದು ಒಪ್ಪುವುದಿಲ್ಲ. 2024ರಲ್ಲಿ ಯೂಸರ್‌ನೇಮ್ ಬಂದ ಮೇಲೆ ಹೊಸಬರಿಗೆ ನಂಬರ್ ತೋರಿಸದೆ ಮಾತಾಡಬಹುದು, ಅಷ್ಟರಮಟ್ಟಿಗೆ ಸಮಾಧಾನ. ತಾನಾಗಿ ಅಳಿಸಿಹೋಗುವ ಮೆಸೇಜೂ ಚೆನ್ನಾಗಿದೆ, ಆದರೆ ಆಚೆಯವರು ಫೋಟೋ ಹೊಡೆದುಕೊಂಡರೆ ಅದೇನು ಮಾಡೀತು.

ನನ್ನ ಮಾನ ಹೋದದ್ದು ನನ್ನ ದಡ್ಡತನದಿಂದಲೇ. ಮೀಟಿಂಗಿನಲ್ಲಿ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟಿದ್ದೆ. ನನ್ನ ರಕ್ತಪರೀಕ್ಷೆ ಬಗ್ಗೆ ಅಕ್ಕ ಕೇಳಿದ ಪ್ರಶ್ನೆ ಲಾಕ್ ಸ್ಕ್ರೀನ್ ಮೇಲೆ ಪೂರ್ತಿ ಮೂಡಿತು. ಪಕ್ಕದವರು ಮೆಲ್ಲಗೆ ಬಾಗಿ, 'ರಿಪೋರ್ಟ್ ನಾರ್ಮಲ್ ಬಂತಾ?' ಎಂದರು. ದಾರಿಯುದ್ದಕ್ಕೂ ಯಾರ ಕಣ್ಣಿಗೂ ಬೀಳದೆ ಬಂದ ಮಾತು, ಬಂದು ಸೇರಿದ ಮೇಲೆ ಬಯಲಾಯಿತು! ನೋಟಿಫಿಕೇಶನ್ ಸೆಟ್ಟಿಂಗ್‌ನಲ್ಲಿ ಹೆಸರು, ಮೆಸೇಜು ಎರಡೂ ಕಾಣದಂತೆ ಮಾಡಬಹುದು. ಹಾಕಿಕೊಂಡ ದಿನವೇ ಮಾಡಿ.

ನಾನು ಈಗ ಮಾಡಿದ್ದೇನೆ. ಮೆಸೇಜು ಯಾರದ್ದೆಂದು ತೆರೆಯದೆ ಗೊತ್ತಾಗುವುದಿಲ್ಲ. ಅಕ್ಕನಿಗೆ ಉತ್ತರ ಕೊಡುವುದು ತಡವಾಗಿ ಆಗಾಗ ಬೈಸಿಕೊಳ್ಳುತ್ತೇನೆ.